ಚಿನ್ನದ ನೆಲ, ಸದ್ದಿಲ್ಲದ ಯಂತ್ರ

ಬೆಂಗಳೂರಿನ ಬೆಳ್ಳಂದೂರು ಹೊರವರ್ತುಲ ರಸ್ತೆಯಿಂದ ಕೋಲಾರದ ಚಿನ್ನದ ಗಣಿಗೆ ನೂರು ಕಿಲೋಮೀಟರ್ ದೂರವೂ ಇಲ್ಲ. 1880ರಿಂದ 2001ರವರೆಗೆ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ ಅದು. ಅಷ್ಟು ಹತ್ತಿರ ಇರುವವರಿಗೆ ಶನಿವಾರ, ಭಾನುವಾರ ಬಿಡುವಿದ್ದು, ಮೊಬೈಲಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ವಿಡಿಯೊಗಳೂ ಕಣ್ಣಿಗೆ ಬಿದ್ದರೆ ಮೆಟಲ್ ಡಿಟೆಕ್ಟರ್ ಕೊಳ್ಳುವ ಆಸೆ ಹುಟ್ಟುವುದು ಸಹಜ. ವಿಡಿಯೊದಲ್ಲಿ ಕೆಂಪು ಮಣ್ಣು, ಕುರುಚಲು ಗಿಡ, ಒಂದು ಬೀಪ್, ಪಿಕಾಸಿಯ ಎರಡು ಏಟು, ಆಮೇಲೆ ಅಂಗೈ ಮೇಲೆ ಹಳದಿ ತುಣುಕು. ನಮ್ಮಲ್ಲೂ ಕೆಂಪು ಮಣ್ಣಿದೆ, ಕುರುಚಲು ಇದೆ, ಚಿನ್ನವೂ ಇದೆ. ಹಾಗಿದ್ದ ಮೇಲೆ ಆ ಯಂತ್ರ ಇಲ್ಲೂ ಕೂಗಬೇಕಲ್ಲ ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ.

ಯಂತ್ರದ ಪೆಟ್ಟಿಗೆಯ ಮೇಲೆ ಬರೆದಿರುವ ಆಳದ ಲೆಕ್ಕದಿಂದ ಇದಕ್ಕೆ ಉತ್ತರ ಸಿಗದು. ಕೊಳ್ಳುವವರು ತಾವೇ ಪರೀಕ್ಷೆ ಮಾಡಬೇಕು, ಸರಿಯಾಗಿ ಮಾಡಬೇಕು. ಸರಿಯಾಗಿ ಮಾಡಿದವರಿಗೆ ಸ್ವಲ್ಪ ಹೊತ್ತಿನಲ್ಲೇ ಒಂದು ವಿಷಯ ಗೊತ್ತಾಗುತ್ತದೆ: ಡಿಟೆಕ್ಟರ್ ಪರೀಕ್ಷೆ ಎಂದು ನಾವು ಶುರು ಮಾಡುವ ಕೆಲಸ ಮುಕ್ಕಾಲು ಪಾಲು ಮಣ್ಣಿನ ಪರೀಕ್ಷೆ. ಒಂದೇ ಯಂತ್ರ ಒಂದು ಹೊಲದಲ್ಲಿ ಗೇಣು ಆಳಕ್ಕೆ ಕೇಳಿಸಿಕೊಂಡು, ಪಕ್ಕದ ಹೊಲದಲ್ಲಿ ಎರಡು ಬೆರಳು ಆಳಕ್ಕೇ ಕಿವುಡಾಗಬಹುದು.

ಯಂತ್ರದ ಒಳಗುಟ್ಟು ಸರಳ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ, ಅಂದರೆ ಕಾಯಿಲ್ ಇರುತ್ತದೆ. ಅದರಲ್ಲಿ ದಿಕ್ಕು ಬದಲಿಸುತ್ತಾ ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರವೂ ಬದಲಾಗುತ್ತಾ ಹೋಗುತ್ತದೆ. ಅದು ನೆಲದೊಳಗಿನ ಲೋಹಕ್ಕೆ ತಗುಲಿದರೆ ಲೋಹದ ಮೈಯಲ್ಲಿ ಸಣ್ಣ ಸುಳಿ ವಿದ್ಯುತ್ ಏಳುತ್ತದೆ. ಆ ಸುಳಿ ತನ್ನದೇ ಒಂದು ಕ್ಷೀಣ ಕಾಂತಕ್ಷೇತ್ರವನ್ನು ವಾಪಸು ಕಳಿಸುತ್ತದೆ. ಯಂತ್ರ ಕಿವಿಗೊಡುವುದು ಇದಕ್ಕೆ. ಹೀಗಾಗಿ ಲೋಹದ ಹೆಸರು ಯಂತ್ರಕ್ಕೆ ತಿಳಿಯದು. ಅದಕ್ಕೆ ತಿಳಿಯುವುದು ಸುಳಿ ಎಷ್ಟು ದೊಡ್ಡದು, ಎಷ್ಟು ತಡವಾಗಿ ಸತ್ತಿತು ಎನ್ನುವುದಷ್ಟೇ. ಪರದೆಯ ಮೇಲೆ ಚಿನ್ನ ಎಂದು ತೋರಿಸುವ ಅಂಕಿ ಆ ತಡವನ್ನು ನೋಡಿ ಮಾಡಿದ ಅಂದಾಜು. ಮಾತ್ರೆಯ ಪಟ್ಟಿಯಿಂದ ಹರಿದ ಅಲ್ಯೂಮಿನಿಯಂ ಹಾಳೆಯ ಚೂರೂ ಸಣ್ಣ ಚಿನ್ನದ ತುಣುಕೂ ಹೆಚ್ಚುಕಮ್ಮಿ ಒಂದೇ ಅಂಕಿ ಕೊಡುತ್ತವೆ. ಅಲ್ಯೂಮಿನಿಯಂ ಬೇಡವೆಂದು ಯಂತ್ರಕ್ಕೆ ಹೇಳಿದರೆ ಚಿನ್ನವೂ ಬೇಡವೆಂದು ಹೇಳಿದಂತೆಯೇ.

ಆಳದ ವಿಷಯಕ್ಕೆ ಬರೋಣ. ಕಾಯಿಲ್‌ನಿಂದ ಹೊರಟ ಕ್ಷೇತ್ರ ದೂರ ಹೋದಂತೆ ದೂರದ ಘನದಷ್ಟು ಕುಗ್ಗುತ್ತದೆ. ಸಣ್ಣ ತುಣುಕಿನಿಂದ ವಾಪಸು ಬರುವುದೂ ಹಾಗೆಯೇ ಕುಗ್ಗುತ್ತದೆ. ಎರಡೂ ಸೇರಿ ಆರನೆಯ ಘಾತ. ಆಳವನ್ನು ಎರಡು ಪಟ್ಟು ಮಾಡಬೇಕಾದರೆ ಸದ್ದು 64 ಪಟ್ಟು ಬಲವಾಗಬೇಕು. ಇನ್ನೊಂದು ಬಗೆಯಲ್ಲಿ ನೋಡಿದರೆ, ಯಂತ್ರದ ಶಕ್ತಿಯಿಂದ ಸದ್ದು ಎರಡು ಪಟ್ಟಾದರೂ ಆಳ ಹೆಚ್ಚುವುದು ನೂರಕ್ಕೆ ಹನ್ನೆರಡರಷ್ಟು ಮಾತ್ರ. ಎರಡು ಪಟ್ಟು ಬೆಲೆಯ ಯಂತ್ರ ಎರಡು ಪಟ್ಟು ಆಳ ನೋಡೀತು ಎಂದು ನಂಬಿ ಸಾಲ ಮಾಡುವವರಿಗೆ ಈ ಲೆಕ್ಕವನ್ನು ಯಾರಾದರೂ ಮೊದಲೇ ಹೇಳಬೇಕು. ಹತ್ತು ಮೀಟರ್ ಆಳದ ಚಿನ್ನ ಹುಡುಕುತ್ತದೆ ಎಂದು ಯಾವನಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಒಂದು ಗ್ರಾಂನ ತುಣುಕಿಗೆ ಗೇಣು ಆಳ ಎಂದರೆ ಒಳ್ಳೆಯ ಯಂತ್ರಕ್ಕೂ ಸಾಕಷ್ಟು ಕಷ್ಟದ ಕೆಲಸ.

ಹೊಸ ಯಂತ್ರ ಮನೆಗೆ ಬಂದ ದಿನ ಎಲ್ಲರೂ ಮಾಡುವ ಮೊದಲ ಪರೀಕ್ಷೆ ಎಂದರೆ ಮನೆಯಾಕೆಯ ಉಂಗುರ ಕೇಳಿ ತೆಗೆದುಕೊಂಡು ಕಾಯಿಲ್ ಮುಂದೆ ಆಡಿಸುವುದು. ಯಂತ್ರ ಜೋರಾಗಿ ಕೂಗುತ್ತದೆ, ಮನೆಮಂದಿ ಬೆರಗಾಗುತ್ತಾರೆ. ಈ ಪರೀಕ್ಷೆಯನ್ನು ನಂಬಬಾರದು. ಉಂಗುರ ಮುಚ್ಚಿದ ಬಳೆಯಾಕಾರ. ವಿದ್ಯುತ್ ಸುತ್ತು ಹಾಕಲು ಅದಕ್ಕಿಂತ ಅನುಕೂಲದ ದಾರಿ ಇಲ್ಲ, ಆದ್ದರಿಂದ ಅಷ್ಟೇ ತೂಕದ ಚಿನ್ನದ ಉಂಡೆಗಿಂತ ಎಷ್ಟೋ ದೊಡ್ಡ ಸದ್ದು ಕೊಡುತ್ತದೆ. ಅದೇ ಮನೆಯ ಸಣ್ಣ ಎಳೆಯ ಸರವನ್ನು ಹಿಡಿದು ನೋಡಿ. ಉಂಗುರಕ್ಕಿಂತ ಹೆಚ್ಚು ತೂಕವಿದ್ದರೂ ಸದ್ದು ಮಂಕಾಗಿರುತ್ತದೆ, ಕೆಲವು ಯಂತ್ರಗಳಲ್ಲಿ ಕೇಳುವುದೇ ಇಲ್ಲ. ಸರದ ಒಂದೊಂದು ಕೊಂಡಿಯೂ ಪ್ರತ್ಯೇಕ. ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಸಲೀಸಾಗಿ ದಾಟುವುದಿಲ್ಲ, ಪ್ರತಿ ಕೊಂಡಿಯಲ್ಲೂ ಏಳುವುದು ಪುಟ್ಟ ಸುಳಿ. ಈ ಉಂಗುರ ಮತ್ತು ಸರದ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಕೋಲಾರದ ಚಿನ್ನ ಯಾವ ಬಗೆಯದು ಎಂದು ಮುಂದೆ ನೋಡುವಾಗ ಇದು ಬೇಕಾಗುತ್ತದೆ.

ಪರೀಕ್ಷೆಗೆ ಬೇಕಾದದ್ದು ಸೀಸ. ನೆಲದಲ್ಲಿ ಸಿಗುವ ಸಹಜ ಚಿನ್ನದಲ್ಲಿ ಬೆಳ್ಳಿ ಬೆರೆತಿರುತ್ತದೆ, ಅಪ್ಪಟ ಚಿನ್ನಕ್ಕಿಂತ ಅದರಲ್ಲಿ ವಿದ್ಯುತ್ ಹರಿಯುವುದು ಕಷ್ಟ. ಸಣ್ಣ ತುಣುಕುಗಳ ಮಟ್ಟದಲ್ಲಿ ಸೀಸದ ವರ್ತನೆ ಇದಕ್ಕೆ ಹತ್ತಿರ. ಅದಕ್ಕೇ ಚಿನ್ನ ಹುಡುಕುವ ಅನುಭವಿಗಳು ಸೀಸ ಹೂತು ಪರೀಕ್ಷೆ ಮಾಡುತ್ತಾರೆ. ಏರ್‌ಗನ್ನಿಗೆ ಹಾಕುವ 4.5 ಮಿಲಿಮೀಟರಿನ ಪೆಲೆಟ್ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಸೀಸಕ್ಕಿಂತ ಚಿನ್ನದ ಸಾಂದ್ರತೆ ಹೆಚ್ಚು, ಆದ್ದರಿಂದ ಗಾತ್ರದಲ್ಲಿ ಅದು ಮುಕ್ಕಾಲು ಗ್ರಾಂ ಮೀರಿದ ಚಿನ್ನಕ್ಕೆ ಸಮ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳೂ ಆಗಬಹುದು. ಪೆಲೆಟ್ಟಿನ ಟೊಳ್ಳನ್ನು ಸುತ್ತಿಗೆಯಿಂದ ಬಡಿದು ಗಟ್ಟಿ ಉಂಡೆ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಹೂತದ್ದನ್ನೆಲ್ಲ ಎಣಿಸಿ ವಾಪಸು ತೆಗೆಯಿರಿ. ಸೀಸ ವಿಷ.

ಇನ್ನು ಜಾಗ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಯಂತ್ರ ಹಚ್ಚಿದರೆ ಅದು ಸುಮ್ಮನೆ ಕಿರುಚುತ್ತದೆ. ಕಾಲ ಕೆಳಗಿನ ಮೋಲ್ಡಿಂಗಿನ ತುಂಬ ಕಬ್ಬಿಣದ ಸರಳು, ಗೋಡೆಯೊಳಗೆ ವೈರಿಂಗ್, ಲಿಫ್ಟಿನ ಮೋಟಾರು, ಪಕ್ಕದ ಕಟ್ಟಡದ ಮೇಲೆ ಮೊಬೈಲ್ ಟವರ್. ಕೆಳಗಿಳಿದು ಬಯಲಿಗೆ ಬಂದರೂ ಬೆಳ್ಳಂದೂರಿನಲ್ಲಿ ಬಿಡುಗಡೆ ಇಲ್ಲ. ಖಾಲಿ ಸೈಟುಗಳೆಂದರೆ ಕಟ್ಟಡದ ಅವಶೇಷ ಸುರಿದ ಜಾಗ: ಬೈಂಡಿಂಗ್ ತಂತಿ, ಮೊಳೆ, ಬಾಟಲಿ ಮುಚ್ಚಳ. ನೆಲದಡಿ ವಿದ್ಯುತ್ ಕೇಬಲ್ಲು, ತಲೆಯ ಮೇಲೆ ಹೈಟೆನ್ಷನ್ ತಂತಿ. ಸಂವೇದನೆ ಕಡಿಮೆ ಮಾಡಿದರೆ ಯಂತ್ರ ಶಾಂತವಾಗುತ್ತದೆ, ಜೊತೆಗೆ ಕಿವುಡೂ ಆಗುತ್ತದೆ.

ಸುತ್ತಲಿನ ಲೋಹ ಪರೀಕ್ಷೆಯನ್ನು ಹೇಗೆ ಕೆಡಿಸುತ್ತದೆ ಎನ್ನುವುದಕ್ಕೆ ಈ ಯಂತ್ರದ ಇತಿಹಾಸದ ಮೊದಲ ಪುಟದಲ್ಲೇ ಒಂದು ದುರಂತವಿದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ಬಿತ್ತು. ಗುಂಡು ದೇಹದಲ್ಲಿ ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳ ಒಂದು ಉಪಕರಣ ಕಟ್ಟಿಕೊಂಡು ಬಂದರು. ಅಂತರ್ಯುದ್ಧದಲ್ಲಿ ಗುಂಡು ತಿಂದು ಬದುಕಿದ್ದ ಹಳೆಯ ಸೈನಿಕರ ಮೇಲೆ ಅದನ್ನು ಪರೀಕ್ಷಿಸಿದ್ದರು, ಕೆಲಸ ಮಾಡಿತ್ತು. ಅಧ್ಯಕ್ಷರ ಹಾಸಿಗೆಯ ಬಳಿ ಮಾತ್ರ ಅದು ಗುಂಡಿನ ಜಾಗ ತೋರಿಸಲಿಲ್ಲ. ಹಾಸಿಗೆಯೊಳಗೆ ಲೋಹದ ಸ್ಪ್ರಿಂಗುಗಳಿದ್ದವು. ಮುಖ್ಯ ವೈದ್ಯರು ತಾವು ಗುಂಡಿದೆ ಎಂದು ನಂಬಿದ್ದ ಬಲ ಬದಿಯಲ್ಲಿ ಮಾತ್ರ ಹುಡುಕಲು ಬಿಟ್ಟರು, ಗುಂಡು ಎಡಕ್ಕಿತ್ತು. ಗಾರ್ಫೀಲ್ಡ್ ಬದುಕಲಿಲ್ಲ. ಒಂದು ಕೋಣೆಯಲ್ಲಿ ಗೆದ್ದ ಪರೀಕ್ಷೆ ಇನ್ನೊಂದು ಕೋಣೆಯಲ್ಲಿ ಸೋತದ್ದು ಹಾಗೆ. ಮೊದಲೇ ಉತ್ತರ ನಿರ್ಧರಿಸಿಕೊಂಡವರು ಹುಡುಕಾಟ ನಡೆಸಿದರೆ ಏನಾಗುತ್ತದೆ ಎನ್ನುವುದೂ ಅಲ್ಲೇ ಇದೆ.

ಬೆಳ್ಳಂದೂರಿನ ನೆಲಕ್ಕೆ ಇನ್ನೂ ಮೂಲಭೂತವಾದ ಕೊರತೆಯೊಂದಿದೆ. ಅದರ ಅಡಿಯಲ್ಲಿರುವುದು ಲಾಲ್‌ಬಾಗಿನಲ್ಲಿ ನಾವು ಹತ್ತಿ ಕೂರುವ ಬಂಡೆಯ ಜಾತಿಯ ನೈಸ್ ಶಿಲೆ, ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಕರ್ನಾಟಕದ ಚಿನ್ನ ಇರುವುದು ಈ ನೈಸ್ ನಡುವೆ ಪಟ್ಟಿಗಳಂತೆ ಸಿಕ್ಕಿಕೊಂಡಿರುವ, ಹಳೆಯ ಲಾವಾದಿಂದಾದ ಶಿಲೆಗಳಲ್ಲಿ: ಕೋಲಾರ, ಹಟ್ಟಿ–ಮಸ್ಕಿ, ಗದಗ, ಚಿತ್ರದುರ್ಗದ ಪಟ್ಟಿಗಳು. ಕೋಲಾರದ ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಹೆಚ್ಚೆಂದರೆ ಐದಾರು ಕಿಲೋಮೀಟರ್. ಬೆಳ್ಳಂದೂರಿನಿಂದ ಕಾರಿನಲ್ಲಿ ಹೊರಟವರು ದಾರಿಯುದ್ದಕ್ಕೂ ಚಿನ್ನವಿಲ್ಲದ ನೈಸ್ ಮೇಲೆಯೇ ಸಾಗಿ, ಕೊನೆಗೆ ಆ ಕಿರಿದಾದ ಪಟ್ಟಿ ಹತ್ತುತ್ತಾರೆ. ಬೆಳ್ಳಂದೂರಿನ ಮಣ್ಣಿನಲ್ಲಿ ಕಲಿತ ಪಾಠ ಆ ಪಟ್ಟಿಯ ಮಣ್ಣಿಗೆ ಒಪ್ಪುವುದಿಲ್ಲ. ಅಲ್ಲಿನ ಶಿಲೆಯಲ್ಲಿ ಕಬ್ಬಿಣ ಜಾಸ್ತಿ.

ಚಿನ್ನ ಹುಡುಕುವವರ ದೊಡ್ಡ ಶತ್ರು ಈ ಕಬ್ಬಿಣವೇ. ಮೊಳೆಯಂಥ ಕಬ್ಬಿಣಕ್ಕಿಂತ ಹೆಚ್ಚು ಕಾಟ ಕೊಡುವುದು ಮಣ್ಣಿನಲ್ಲೇ ಬೆರೆತಿರುವ ಕಬ್ಬಿಣದ ಆಕ್ಸೈಡು. ಹಳ್ಳದ ಮರಳಿನಲ್ಲಿ ಅಯಸ್ಕಾಂತ ಆಡಿಸಿದರೆ ಅಂಟಿಕೊಳ್ಳುವ ಕಪ್ಪು ಪುಡಿ ಮ್ಯಾಗ್ನೆಟೈಟ್. ಇದರ ಸದ್ದು ಚಿನ್ನದ ತುಣುಕಿನ ಸದ್ದಿಗಿಂತ ಸಾವಿರಾರು ಪಟ್ಟು ದೊಡ್ಡದಾಗಬಹುದು. ಯಂತ್ರದಲ್ಲಿ ಗ್ರೌಂಡ್ ಬ್ಯಾಲೆನ್ಸ್ ಎಂಬ ಗುಂಡಿ ಇರುವುದು ಇದಕ್ಕೇ: ಲೋಹವಿಲ್ಲದ ಜಾಗದಲ್ಲಿ ಕಾಯಿಲ್ ಮೇಲೆ ಕೆಳಗೆ ಆಡಿಸಿ, ಮಣ್ಣಿನ ಸದ್ದನ್ನು ಕಳೆದುಬಿಡುವಂತೆ ಯಂತ್ರವನ್ನು ಹೊಂದಿಸುವುದು. ಮಣ್ಣು ಒಂದೇ ಸಮ ಇದ್ದರೆ ಈ ಉಪಾಯ ನಡೆಯುತ್ತದೆ. ಮಾರು ಮಾರಿಗೂ ಮಣ್ಣು ಬದಲಾದರೆ ನಡೆಯುವುದಿಲ್ಲ.

ಇದಕ್ಕಾಗಿಯೇ ಎರಡು ಬಗೆಯ ಯಂತ್ರಗಳು ಬಂದಿವೆ. ಒಂದು, ಎಡೆಬಿಡದೆ ಒಂದೇ ಲಯದಲ್ಲಿ ತರಂಗ ಕಳಿಸುವ ವಿಎಲ್‌ಎಫ್ ಬಗೆ. ನಾಣ್ಯ ಹುಡುಕುವ ಸಾಧಾರಣ ಯಂತ್ರ ಸೆಕೆಂಡಿಗೆ ಐದರಿಂದ ಹದಿನೈದು ಸಾವಿರ ಕಂಪನದಲ್ಲಿ ಕೆಲಸ ಮಾಡಿದರೆ, ಸಣ್ಣ ಚಿನ್ನಕ್ಕೆಂದು ಮಾಡಿದವು 45 ಸಾವಿರ, 70 ಸಾವಿರದವರೆಗೂ ಹೋಗುತ್ತವೆ. ಕಂಪನ ಹೆಚ್ಚಿದಷ್ಟೂ ಪುಟ್ಟ ಚೂರಿನಲ್ಲಿ ಸುಳಿ ಚೆನ್ನಾಗಿ ಏಳುತ್ತದೆ, ಆದರೆ ಕಬ್ಬಿಣದ ಮಣ್ಣಿನ ಗಲಾಟೆಯೂ ಹೆಚ್ಚು. ಇನ್ನೊಂದು ಪಲ್ಸ್ ಬಗೆ. ಇದು ಜೋರಾಗಿ ಒಂದು ವಿದ್ಯುತ್ ಮಿಡಿತ ಕೊಟ್ಟು, ನಿಲ್ಲಿಸಿ, ಕೆಲವು ಮೈಕ್ರೊಸೆಕೆಂಡ್ ಕಾದು ಆಮೇಲೆ ಕೇಳುತ್ತದೆ. ಮ್ಯಾಗ್ನೆಟೈಟ್ ಕ್ಷೇತ್ರ ನಿಂತ ಕೂಡಲೇ ಸುಮ್ಮನಾಗುತ್ತದೆ, ಲೋಹದ ಸುಳಿ ಮಾತ್ರ ಸ್ವಲ್ಪ ಹೊತ್ತು ಉಳಿದಿರುತ್ತದೆ. ಹಾಗಾಗಿ ಕೆಟ್ಟ ನೆಲದಲ್ಲಿ ಈ ಬಗೆಯೇ ಮೇಲು. ಇಲ್ಲೂ ತೊಡಕಿದೆ: ತೀರಾ ಸಣ್ಣ ಚಿನ್ನದ ಸುಳಿ ಯಂತ್ರ ಕಿವಿ ತೆರೆಯುವ ಮೊದಲೇ ಸತ್ತಿರುತ್ತದೆ. ಮೇಲಾಗಿ ಕೆಲವು ಮಣ್ಣಿನಲ್ಲಿರುವ ಅತಿ ಸೂಕ್ಷ್ಮ ಕಬ್ಬಿಣದ ಕಣಗಳು ಕಾಂತತ್ವ ಬಿಟ್ಟುಕೊಡಲು ತಾವೂ ತಡ ಮಾಡಿ, ಲೋಹದಂತೆ ನಟಿಸುತ್ತವೆ. ಜಂಬಿಟ್ಟಿಗೆ ನೆಲದಲ್ಲಿ ಈ ಕಣಗಳು ಹೇರಳ. ಬೆಂಕಿಯಲ್ಲಿ ಬೆಂದ ಮಣ್ಣಿನಲ್ಲೂ ಹೇರಳ. ಕೋಲಾರದ ದಾರಿಯಲ್ಲಿ ಸಿಗುವ ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ಅಲ್ಲಿನ ಗೂಡಿನ ಒಂದು ಇಟ್ಟಿಗೆ ಚೂರನ್ನು ಕಾಯಿಲ್ ಕೆಳಗೆ ಇಟ್ಟು ನೋಡಿದರೆ, ಲೋಹವಿಲ್ಲದ ವಸ್ತು ಲೋಹದಂತೆ ಹೇಗೆ ಕೂಗಬಲ್ಲದು ಎಂದು ಕಿವಿಯಾರೆ ಕೇಳಬಹುದು.

ಈಗ ನಿಜವಾದ ಬಯಲು ಪರೀಕ್ಷೆ. ಹುಡುಕಬೇಕೆಂದಿರುವ ಬಗೆಯದೇ ಮಣ್ಣು ಇರುವ, ಪರಿಚಯದವರ ಸ್ವಂತ ಜಮೀನಿನ ಒಂದು ಮೂಲೆಯನ್ನು ಅವರ ಒಪ್ಪಿಗೆಯಿಂದ ಆರಿಸಿಕೊಳ್ಳಿ. ಮೊದಲು ಆ ಮೂಲೆಯನ್ನು ಪೂರ್ತಿ ಜಾಲಾಡಿ, ಕೂಗಿದ್ದನ್ನೆಲ್ಲ ತೆಗೆದು ಎಸೆಯಿರಿ. ಗುಂಡಿ ತೋಡಿ ಸೀಸ ಹಾಕಿ ಮಣ್ಣು ಮುಚ್ಚುವುದು ಎಲ್ಲರೂ ಮಾಡುವ ಕೆಲಸ, ಅದರಲ್ಲೊಂದು ಮೋಸವಿದೆ. ಅಗೆದ ಮಣ್ಣು ಸಡಿಲವಾಗಿ, ಪದರಗಳು ಬೆರೆತು ಹೋಗಿ, ಗುಂಡಿಯೇ ಬೇರೆ ಸದ್ದು ಕೊಡುತ್ತದೆ. ಯಂತ್ರ ಸೀಸವನ್ನು ಕೇಳಿತೋ ಗುಂಡಿಯನ್ನು ಕೇಳಿತೋ ಹೇಳಲಾಗದು. ಇದಕ್ಕೆ ಒಳ್ಳೆಯ ಉಪಾಯ ಪಿವಿಸಿ ಪೈಪು. ಪಕ್ಕದಲ್ಲೊಂದು ಕುಳಿ ತೋಡಿ, ಅಲ್ಲಿಂದ ಪೈಪನ್ನು ಓರೆಯಾಗಿ ನೆಲದೊಳಗೆ ತೂರಿಸಿ. ಪೈಪಿನ ತುದಿ ಎಲ್ಲಿರುತ್ತದೋ ಅದರ ಮೇಲಿನ ಮಣ್ಣು ಮುಟ್ಟದೆ ಹಾಗೇ ಉಳಿಯುತ್ತದೆ. ಮರದ ಕೋಲಿನ ತುದಿಗೆ ಸೀಸ ಅಂಟಿಸಿ ಒಳಗೆ ತಳ್ಳಿದರೆ ಆಯಿತು, ತೆಗೆದು ಬೇರೆ ಗಾತ್ರದ್ದನ್ನು ಹಾಕಬಹುದು, ಬರಿಗೋಲನ್ನೂ ಹಾಕಬಹುದು. ಆಳವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿ.

ಬರಿಗೋಲನ್ನು ಹಾಕುವುದೇ ಈ ಪರೀಕ್ಷೆಯ ಜೀವ. ಸೀಸ ಎಲ್ಲಿದೆ ಎಂದು ಗೊತ್ತಿರುವವನ ಕೈ ತನಗೆ ಅರಿವಿಲ್ಲದೆ ಅಲ್ಲೇ ನಿಧಾನವಾಗುತ್ತದೆ, ಕಿವಿ ಅಲ್ಲೇ ಚುರುಕಾಗುತ್ತದೆ. ಇಲ್ಲದ ಸದ್ದೂ ಕೇಳಿಸುತ್ತದೆ. ಆದ್ದರಿಂದ ಹತ್ತು ಪೈಪು ಹೂಳಿ. ಯಂತ್ರ ಹಿಡಿಯುವವರು ದೂರ ಹೋಗಿರಲಿ. ಇನ್ನೊಬ್ಬರು ನಾಣ್ಯ ಚಿಮ್ಮಿ, ರಾಜ ಬಿದ್ದ ಪೈಪಿಗೆ ಸೀಸದ ಕೋಲು, ರಾಣಿ ಬಿದ್ದದ್ದಕ್ಕೆ ಬರಿಗೋಲು ಹಾಕಿ, ಚೀಟಿಯಲ್ಲಿ ಬರೆದು ಜೇಬಿಗಿಟ್ಟು, ಅವರೂ ಅಲ್ಲಿಂದ ಸರಿಯಲಿ. ಪಕ್ಕದಲ್ಲಿ ನಿಂತವರ ಮುಖ ಉತ್ತರ ಹೇಳಿಬಿಡುತ್ತದೆ. ಆಮೇಲೆ ಯಂತ್ರ ಹಿಡಿದವರು ಹತ್ತೂ ಜಾಗಕ್ಕೆ ಹೌದು ಅಥವಾ ಇಲ್ಲ ಎಂದು ಬರೆಯಲಿ, ಚೀಟಿಯೊಂದಿಗೆ ತಾಳೆ ನೋಡಿ. ಸುಮ್ಮನೆ ಊಹಿಸಿದರೆ ಹತ್ತಕ್ಕೆ ಹತ್ತೂ ಸರಿಯಾಗುವ ಸಂಭವ 1,024ರಲ್ಲಿ ಒಂದು. ಇಲ್ಲದ ಕಡೆ ಇದೆ ಎಂದದ್ದನ್ನೂ ಇದ್ದ ಕಡೆ ಇಲ್ಲ ಎಂದದ್ದನ್ನೂ ಬೇರೆ ಬೇರೆ ಎಣಿಸಬೇಕು. ಬಿಸಿಲಿನಲ್ಲಿ ದಿನವಿಡೀ ಅಗೆಯುವವರಿಗೆ ಸುಳ್ಳು ಸದ್ದು ತಪ್ಪಿದ ಸದ್ದಿನಷ್ಟೇ ದುಬಾರಿ. ಮಳೆ ಬಿದ್ದ ಮೇಲೆ ಮತ್ತೊಮ್ಮೆ ಮಾಡಿ, ಒದ್ದೆ ಮಣ್ಣು ಬೇರೆಯೇ ಉತ್ತರ ಕೊಡಬಹುದು. ಕಾಯಿಲ್ ನೆಲಕ್ಕೆ ತಾಗುವಷ್ಟು ಹತ್ತಿರ ಇರಲಿ. ಆರನೆಯ ಘಾತದ ಲೆಕ್ಕದಲ್ಲಿ ಎರಡು ಬೆರಳು ಎತ್ತರವೂ ಸಣ್ಣ ನಷ್ಟವಲ್ಲ.

ಇಷ್ಟೆಲ್ಲ ಮಾಡಿ ಯಂತ್ರ ಗೆದ್ದಿತು ಎಂದುಕೊಳ್ಳಿ. ಕೋಲಾರದಲ್ಲಿ ಅದು ಕೂಗುತ್ತದೆಯೇ?

ಆ ಗಣಿಗಳ ಜೀವಮಾನದ ಸರಾಸರಿ ತೆಗೆದರೆ ಒಂದು ಟನ್ ಅದಿರಿನಲ್ಲಿ ಸಿಕ್ಕ ಚಿನ್ನ 15–16 ಗ್ರಾಂ. ಜಗತ್ತಿನ ಗಣಿಗಳ ಮಟ್ಟಕ್ಕೆ ಅದು ಅತಿ ಶ್ರೀಮಂತ ಅದಿರು. ಒಂದು ಕಿಲೋ ಕಲ್ಲಿಗೆ ಲೆಕ್ಕ ಹಾಕಿ: 16 ಮಿಲಿಗ್ರಾಂ, ಅದೂ ಬೆಣಚುಕಲ್ಲಿನೊಳಗೆ ಬಹುಪಾಲು ಸಣ್ಣ ಸಣ್ಣ ಕಣಗಳಾಗಿ ಹರಡಿಕೊಂಡಿರುವಂಥದ್ದು. ಎಲ್ಲಕ್ಕಿಂತ ಸೂಕ್ಷ್ಮವಾದ ಡಿಟೆಕ್ಟರಿಗೂ ಚಿನ್ನ ಒಂದೇ ಗಟ್ಟಿ ತುಣುಕಾಗಿ ಇದ್ದು, ಅದು ಕಾಯಿಲ್‌ಗೆ ತೀರಾ ಹತ್ತಿರವೂ ಇರಬೇಕು. ಸರದ ಕೊಂಡಿಗಳ ಕಥೆ ಇಲ್ಲಿ ನೆನಪಾಗಬೇಕು. ಒಂದೊಂದು ಕಣವೂ ಪ್ರತ್ಯೇಕ, ನಡುವೆ ವಿದ್ಯುತ್ ಹರಿಯದ ಬೆಣಚು, ಯಂತ್ರಕ್ಕೆ ಕೇಳಿಸುವಷ್ಟು ಸುಳಿ ಏಳುವುದೇ ಇಲ್ಲ. ಕೋಲಾರದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಸಯನೈಡ್ ಗುಡ್ಡಗಳೆಂದು ಕರೆಯುವ ತ್ಯಾಜ್ಯದ ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕಿದ ಅರೆದ ಕಲ್ಲಿನ ಪುಡಿ ಇದೆ. ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಎಂದರೂ ಒಟ್ಟು ಇಪ್ಪತ್ತು ಟನ್ ಮೀರಿದ ಚಿನ್ನ. ಅದರ ನೆತ್ತಿಯ ಮೇಲೆ ಜಗತ್ತಿನ ಅತ್ಯುತ್ತಮ ಡಿಟೆಕ್ಟರ್ ಹಿಡಿದು ನಿಂತರೂ ಆ ಚಿನ್ನದಿಂದ ಒಂದು ಬೀಪ್ ಬರುವುದಿಲ್ಲ. ಬಂದರೆ ಅದು ಹಳೆಯ ಬೋಲ್ಟಿನದು.

ಇಂಥ ಚಿನ್ನವನ್ನು ಕಂಡುಹಿಡಿಯುವ ವಿಧಾನ ನಮ್ಮ ಜನರ ಕೈಯಲ್ಲಿ ಮೊದಲಿನಿಂದ ಇತ್ತು. ಟಿಪ್ಪು ಮಡಿದ ಮೇಲೆ ಮೈಸೂರಿನ ಪೂರ್ವದ ಗಡಿ ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಆ ಭಾಗದಲ್ಲಿ ಚಿನ್ನ ಸಿಗುತ್ತದೆ ಎಂಬ ಮಾತು ಕೇಳಿ, ತೋರಿಸಿದವರಿಗೆ ಇನಾಮು ಸಾರಿದ. ಉರಿಗಾಂ ಕಡೆಯ ಹಳ್ಳಿಗರು ಎತ್ತಿನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪದ ಬಳಿ ಗಂಡಸರು ಕಿರಿದಾದ ಗುಂಡಿಗಳಿಂದ ಕಲ್ಲು ತೆಗೆದು ಕೊಡುತ್ತಿದ್ದರು, ಹೆಂಗಸರು ಅದನ್ನು ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ತೊಳೆಯುತ್ತಿದ್ದರು. ಅಕ್ಕಿ ಜಾಲಿಸಿ ಕಲ್ಲು ಬೇರೆ ಮಾಡುವ ಕೈಚಳಕವೇ ಅದು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚು ಎರಡೂವರೆ ಪಟ್ಟು ಚಿಲ್ಲರೆ ಮಾತ್ರ. ಹಗುರವಾದದ್ದು ನೀರಿನೊಂದಿಗೆ ಹೋಗುತ್ತದೆ, ತಳದಲ್ಲಿ ಕಪ್ಪು ಮರಳು, ಅದರಂಚಿನಲ್ಲಿ ಚಿನ್ನ ನಿಲ್ಲುತ್ತದೆ. ಕಣ ಎಷ್ಟೇ ಸಣ್ಣದಾಗಿರಲಿ, ಭಾರ ತಪ್ಪಿಸಿಕೊಳ್ಳುವುದು ಕಷ್ಟ. ವಾರನ್ ನೋಡಿದ್ದು ಅಚ್ಚುಕಟ್ಟಾದ ಒಂದು ಬಯಲು ಪರೀಕ್ಷೆ. ಅದನ್ನು ನಡೆಸಿದ ಹಳ್ಳಿಗರ, ಹೆಂಗಸರ ಹೆಸರುಗಳು ನಮಗೆ ಉಳಿಯಲಿಲ್ಲ ಎನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ. ವಾರನ್ ವರದಿ ಓದಿದ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ 1871ರಲ್ಲಿ ಬೆಂಗಳೂರು ದಂಡಿನಿಂದ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೋದ, 1875ರಲ್ಲಿ ಮೈಸೂರು ಸರ್ಕಾರದ ಪರವಾನಗಿ ಪಡೆದ. ಅವನ ಹೆಸರಿನಲ್ಲಿ ಬೆಂಗಳೂರಿನ ನಡುವೆ ಲ್ಯಾವೆಲ್ಲೆ ರಸ್ತೆ ಇದೆ.

ಬೇರೆ ಕಡೆಯೂ ಹೀಗೆಯೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳದ ಬೆಟ್ಟಸಾಲಿನ, ಅಂದರೆ ಇಂದಿನ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಬಗ್ಗೆ ಬರೆದಾಗ ಅಲ್ಲಿನ ಹಳ್ಳಗಳಲ್ಲಿ ಮಣ್ಣು ಜಾಲಿಸುತ್ತಿದ್ದ ಜಲಗಾರರ ಅನುಭವ ಅವನಿಗೆ ದಾರಿ ತೋರಿಸಿತ್ತು. ರಾಯಚೂರು ಸೀಮೆಯ ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಗುಂಡಿಗಳು ಸುಮಾರು 195 ಮೀಟರ್ ಆಳ ಮುಟ್ಟಿದ್ದವು. ಅಶೋಕನ ಹೆಸರು ಹೇಳುವ ಮಸ್ಕಿಯ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದೂ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ. ಇಷ್ಟು ಕಾಲದಿಂದ ಈ ನೆಲವನ್ನು ಅಗೆದ ಜನ ಮೇಲುಗಡೆ ಸಿಗುವ ದಪ್ಪ ಚೂರುಗಳನ್ನು ನಮಗಾಗಿ ಬಿಟ್ಟು ಹೋಗಿರುವ ಸಾಧ್ಯತೆ ಕಡಿಮೆ. ಆಸ್ಟ್ರೇಲಿಯಾದಲ್ಲಿ ಚಿನ್ನದ ಗಣಿಗಾರಿಕೆ ಶುರುವಾದದ್ದು 1851ರ ಆಸುಪಾಸಿಗೆ. ಅಲ್ಲಿನ ಚಿನ್ನದ ಗಡ್ಡೆಗಳು ಮುಟ್ಟದೆ ಉಳಿದಿದ್ದವು. ವಿಕ್ಟೋರಿಯಾದ ಕಿಂಗೊವರ್ ಎಂಬಲ್ಲಿ 1980ರಲ್ಲಿ ಡಿಟೆಕ್ಟರ್ ಹಿಡಿದವನೊಬ್ಬನಿಗೆ 27 ಕಿಲೋ ಮೀರಿದ ಗಡ್ಡೆ ನೆಲದಿಂದ ಸ್ವಲ್ಪವೇ ಕೆಳಗೆ ಸಿಕ್ಕಿತು. ಪಶ್ಚಿಮ ಆಸ್ಟ್ರೇಲಿಯಾದ ಕಾಲ್‌ಗೂರ್ಲಿಯ ಶಿಲೆಗಳೂ ನಮ್ಮ ಕೋಲಾರದವೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವು, ಸುಮಾರು 270 ಕೋಟಿ ವರ್ಷ. ವಯಸ್ಸು ಒಂದೇ ಆದರೂ ಮೇಲ್ಮೈಯ ಚರಿತ್ರೆ ಬೇರೆ, ಚಿನ್ನದ ಕಣದ ಗಾತ್ರವೂ ಬೇರೆ. ವಿಡಿಯೊದಲ್ಲಿ ಇದು ಕಾಣುವುದಿಲ್ಲ.

ಕಾನೂನನ್ನೂ ಹೇಳಲೇಬೇಕು. ವಿಕ್ಟೋರಿಯಾದಲ್ಲಿ ಸಾಮಾನ್ಯ ಪ್ರಜೆ ಅಲ್ಪ ಶುಲ್ಕ ಕೊಟ್ಟು ಹತ್ತು ವರ್ಷಕ್ಕೆ ಚಿನ್ನ ಹುಡುಕುವ ಹಕ್ಕುಪತ್ರ ಪಡೆಯಬಹುದು. ನಮ್ಮಲ್ಲಿ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಪರವಾನಗಿ ಇಲ್ಲದೆ ಖನಿಜ ಶೋಧ ಮಾಡುವಂತಿಲ್ಲ. ತಪ್ಪಿದರೆ ಐದು ವರ್ಷದವರೆಗೆ ಸೆರೆವಾಸವಿದೆ. 2015ರಿಂದ ಚಿನ್ನದಂಥ ಖನಿಜಗಳ ಗಣಿ ಹಕ್ಕು ಹರಾಜಿನಲ್ಲಿ ಸಿಗುವಂಥದ್ದು. ಕಪ್ಪತಗುಡ್ಡ ಈಗ ವನ್ಯಜೀವಿಧಾಮ. ಹಳೆಯ ದೇವಸ್ಥಾನ, ವೀರಗಲ್ಲುಗಳ ಬಳಿ ಯಂತ್ರ ಹಿಡಿದು ಓಡಾಡಿದರೆ ಜನ ನಿಮ್ಮನ್ನು ನಿಧಿಗಳ್ಳರೆಂದೇ ತಿಳಿಯುತ್ತಾರೆ, ತಿಳಿಯುವುದು ಸರಿಯೂ ಹೌದು. ನಿಧಿಯಾಸೆಗೆ ಬಲಿಯಾದ ನಮ್ಮ ಊರೂರಿನ ಶಿಲ್ಪಗಳನ್ನು ಇನ್ನು ಯಾರೂ ಕೆತ್ತಿಕೊಡಲಾರರು.

ಈ ಆಸೆಯನ್ನೇ ಬಂಡವಾಳ ಮಾಡಿಕೊಂಡ ಇನ್ನೊಂದು ಬಗೆಯ ಯಂತ್ರವಿದೆ. ಕೈಯಲ್ಲೊಂದು ಹಿಡಿ, ಅದಕ್ಕೆ ಅತ್ತಿತ್ತ ತಿರುಗುವ ಕಡ್ಡಿ ಅಥವಾ ಆಂಟೆನಾ. ನೂರಾರು ಮೀಟರ್ ದೂರದ ಚಿನ್ನದ ಕಡೆ ಅದು ತಾನಾಗಿ ತಿರುಗುತ್ತದೆ ಎಂದು ಹೇಳಿ ಲಕ್ಷಗಟ್ಟಲೆಗೆ ಮಾರುತ್ತಾರೆ. ನಾನು ಮೇಲೆ ವಿವರಿಸಿದ ಯಾವ ಭೌತ ನಿಯಮವೂ ಇದಕ್ಕೆ ಆಧಾರವಾಗಿಲ್ಲ. ಇದೇ ಮಾದರಿಯ ಎಡಿಇ 651 ಎಂಬ ವಸ್ತುವನ್ನು ಜೇಮ್ಸ್ ಮೆಕಾರ್ಮಿಕ್ ಎಂಬ ಬ್ರಿಟಿಷ್ ವ್ಯಾಪಾರಿ ಬಾಂಬ್ ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ್ದ. ಮೂಲದಲ್ಲಿ ಅದು ಕಳೆದುಹೋದ ಗಾಲ್ಫ್ ಚೆಂಡು ಹುಡುಕುವುದಕ್ಕೆಂದು ಮಾರುತ್ತಿದ್ದ ಅಗ್ಗದ ಆಟಿಕೆಯ ರೂಪಾಂತರ. ಬಾಗ್ದಾದಿನ ತಪಾಸಣೆ ಗೇಟುಗಳಲ್ಲಿ ಜನ ಅದನ್ನು ನಂಬಿ ಜೀವ ಕಳೆದುಕೊಂಡರು. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲಾಯಿತು. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ 2002ರಲ್ಲಿ ಇಂಥದೇ ಇನ್ನೊಂದು ಉಪಕರಣವನ್ನು, ವಸ್ತು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದ ವಿಧಾನದಲ್ಲಿ ಪರೀಕ್ಷಿಸಿ, ಅದು ಬರಿಯ ಊಹೆಗಿಂತ ಮೇಲಲ್ಲ ಎಂದು ತೋರಿಸಿತ್ತು.

ಆ ವಿಧಾನಕ್ಕೆ ಪ್ರಯೋಗಾಲಯವೇ ಆಗಬೇಕೆಂದಿಲ್ಲ. ನಿಮ್ಮ ಊರಿಗೆ, ನಿಮ್ಮ ನೆಂಟರ ತೋಟಕ್ಕೆ ಇಂಥ ಕಡ್ಡಿ ಹಿಡಿದು ಯಾರಾದರೂ ಬಂದರೆ ಜಗಳ ಬೇಡ. ಹತ್ತು ಮುಚ್ಚಿದ ರಟ್ಟಿನ ಡಬ್ಬಿ ತನ್ನಿ. ನಾಣ್ಯ ಚಿಮ್ಮಿ, ಕೆಲವಕ್ಕೆ ಮನೆಯ ಚಿನ್ನ ಹಾಕಿ, ಉಳಿದವನ್ನು ಖಾಲಿ ಇಡಿ. ಡಬ್ಬಿ ತುಂಬಿದವರು ಚಿನ್ನದ ಮೇಲೆ ಕಣ್ಣಿಟ್ಟು ದೂರ ನಿಲ್ಲಲಿ, ಅವರಿಗೆ ಬೆನ್ನು ಮಾಡಿ ಕಡ್ಡಿ ಹಿಡಿದವನು ಹತ್ತಕ್ಕೂ ಉತ್ತರ ಬರೆದು ಸಹಿ ಹಾಕಿದ ಮೇಲೆ ಡಬ್ಬಿ ತೆರೆಯಿರಿ. ಚಿನ್ನ ನೆಲದಲ್ಲಿ ನೂರಾರು ವರ್ಷ ಕೂತಿದ್ದರೆ ಮಾತ್ರ ಯಂತ್ರಕ್ಕೆ ತಿಳಿಯುತ್ತದೆ, ಅಮಾವಾಸ್ಯೆ ಬರಲಿ ಎಂದು ಅವನು ಹೇಳಿದರೆ, ಮುಂಗಡವನ್ನೂ ಅಮಾವಾಸ್ಯೆ ಕಳೆದು ಇದೇ ಹತ್ತು ಡಬ್ಬಿಯ ಪರೀಕ್ಷೆ ಮುಗಿದ ಮೇಲೆಯೇ ಕೊಡುವುದಾಗಿ ಹೇಳಿ.